ಹೋಗುವಾಗ ಬರೆಸಿ, ಬರುವಾಗ ಹೇಳಿ: ಗಡಿ ದಾಟುವವರು ಮಾಡಬೇಕಾದ್ದು, ಮಾಡಬಾರದ್ದು

ಮಗಳ ಬಾಣಂತನಕ್ಕೆ ದೋಹಾಕ್ಕೆ ಹೊರಟ ಅಮ್ಮಂದಿರು, ದುಬೈಯಿಂದ ರಜೆಗೆ ಬರುವ ಹುಡುಗರು, ಕಂಪನಿ ಕೆಲಸಕ್ಕೆ ಜರ್ಮನಿಗೆ ಹೋಗಿ ಬರುವವರು, ಮುಕ್ತಿನಾಥ ಯಾತ್ರೆಗೆ ಬಸ್ಸು ಹತ್ತುವವರು ಎಲ್ಲರೂ ಇದನ್ನು ಓದಬೇಕು. ಚಿನ್ನ ಅಡಗಿಸಿ ತರುವವರಿಗೆ ಇದು ಬರೆದದ್ದಲ್ಲ. ತಮ್ಮದೇ ಬಳೆ, ತಮ್ಮದೇ ಕ್ಯಾಮೆರಾ, ತಮ್ಮದೇ ಲ್ಯಾಪ್‌ಟಾಪು ಹಿಡಿದುಕೊಂಡು ಹೋಗಿ, ಅದನ್ನೇ ಹಿಡಿದುಕೊಂಡು ವಾಪಸು ಬರುವಾಗ ಸಿಕ್ಕಿಹಾಕಿಕೊಳ್ಳುವ ಪ್ರಾಮಾಣಿಕರಿಗೆ ಬರೆದದ್ದು. ಅಂಥವರೇ ಹೆಚ್ಚು, ಮತ್ತು ತಮಗೆ ಕಾಗದ ಯಾಕೆ ಎಂದುಕೊಳ್ಳುವವರೂ ಅವರೇ.

ನನ್ನ ಅತ್ತೆಯವರು 2023ರಲ್ಲಿ ಹೀಗೆ ಹೋಗಿ ಐದು ತಿಂಗಳಿದ್ದು ಬಂದರು. ಕೈಯಲ್ಲಿ ನಾಲ್ಕು ಬಳೆ, ಒಟ್ಟು 64 ಗ್ರಾಂ. 1981ರಲ್ಲಿ ಮದುವೆಗೆಂದು ಊರಿನ ಆಚಾರ್ಯರು ಮಾಡಿಕೊಟ್ಟದ್ದು. ವಿಮಾನ ಇಳಿದು ಎಲ್ಲರ ಹಿಂದೆ, ಹೇಳಬೇಕಾದ್ದೇನೂ ಇಲ್ಲದವರ ಹಸಿರು ದಾರಿಯಲ್ಲಿ ನಡೆದರು. ಅಧಿಕಾರಿ ಕೇಳಿದ್ದು ಎರಡೇ ಪ್ರಶ್ನೆ: ಇದು ಇಲ್ಲಿಂದಲೇ ಹೋದದ್ದು ಎನ್ನುವುದಕ್ಕೆ ಕಾಗದವೇನು? ಬಿಲ್ಲೆಲ್ಲಿ? ಎರಡೂ ಇರಲಿಲ್ಲ. ನಲವತ್ತು ವರ್ಷ ಕೈಯಿಂದ ತೆಗೆಯದ ಬಳೆಗಳು ಗೆಣ್ಣು ದಾಟಿ ಬರಲಿಲ್ಲ. ಕೈತೊಳೆಯುವ ಜಾಗದಲ್ಲಿ ಸೋಪು ಹಚ್ಚಿ, ಮಹಿಳಾ ಸಿಬ್ಬಂದಿಯೊಬ್ಬರು ಮೆಲ್ಲಗೆ ತಿರುಗಿಸಿ ತಿರುಗಿಸಿ ತೆಗೆದರು. ಬಳೆ ಇದ್ದ ಜಾಗದಲ್ಲಿ ಬಿಳಿಚಿದ ಗೆರೆ ಉಳಿದಿತ್ತು. ಅತ್ತೆ ಮನೆಗೆ ಬಂದವರೇ ಸೆರಗಿನೊಳಗೆ ಕೈ ಮುಚ್ಚಿಕೊಂಡು ಕುಳಿತರು. ನೋಟಿಸು, ಉತ್ತರ, ವಿಚಾರಣೆ, ಮದುವೆಯ ಕಪ್ಪುಬಿಳುಪು ಫೋಟೋ, ಆಚಾರ್ಯರ ಮಗ ಬರೆದುಕೊಟ್ಟ ಪತ್ರ ಎಲ್ಲ ಆಗಿ ಬಳೆ ಕೈಗೆ ಬಂದದ್ದು 11 ತಿಂಗಳ ಮೇಲೆ. ಹೋಗುವಾಗ ಅರ್ಧ ಗಂಟೆ ಕೊಟ್ಟಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಅಂದಿನಿಂದ ನಮ್ಮ ಬೀದಿಯಲ್ಲಿ ಯಾರು ವಿದೇಶಕ್ಕೆ ಹೊರಟರೂ ಅವರ ಮನೆಗೆ ಹೋಗಿ ಪಟ್ಟಿ ಬರೆಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಹೊರಡುವ ವಾರ ಮಾಡಬೇಕಾದ್ದು

ಒಯ್ಯುವ ಬೆಲೆಬಾಳುವ ವಸ್ತುಗಳ ಪಟ್ಟಿ ಮಾಡಿ. ಕ್ಯಾಮೆರಾ, ಲೆನ್ಸು, ಲ್ಯಾಪ್‌ಟಾಪು, ಟ್ಯಾಬ್, ದುಬಾರಿ ವಾಚು, ಚಿನ್ನ, ವಜ್ರ. ಒಂದೊಂದರ ಮುಂದೆ ಕಂಪನಿಯ ಹೆಸರು, ಮಾಡೆಲ್, ಸೀರಿಯಲ್ ನಂಬರು ಬರೆಯಿರಿ. ಲ್ಯಾಪ್‌ಟಾಪಿನ ನಂಬರು ಅದರ ಅಡಿಯಲ್ಲಿ ಇರುತ್ತದೆ. ತೊಡೆಯ ಮೇಲಿಟ್ಟು ಉಜ್ಜಿ ಆ ಸ್ಟಿಕ್ಕರು ಅಳಿಸಿರುವುದುಂಟು. ಆಗ ಸೆಟ್ಟಿಂಗ್ಸಿನೊಳಗೆ ಹೋಗಿ ನೋಡಿ. ಫೋನಿನಲ್ಲಿ *#06# ಒತ್ತಿದರೆ ಐಎಂಇಐ ನಂಬರು ತೆರೆಯ ಮೇಲೆ ಬರುತ್ತದೆ. ಲೆನ್ಸಿನ ನಂಬರು ಹಿಂದಿನ ಲೋಹದ ಉಂಗುರದ ಹತ್ತಿರ ಸಣ್ಣ ಅಕ್ಷರದಲ್ಲಿರುತ್ತದೆ. ಕ್ಯಾಮೆರಾ ಬರೆಸಿ ಲೆನ್ಸು ಮರೆಯುವವರು ಬಹಳ, ಬೆಲೆಯೇನೋ ಲೆನ್ಸಿನದ್ದೇ ಹೆಚ್ಚು.

ಬಿಲ್ಲು ಇದ್ದರೆ ಜೊತೆಗಿಡಿ. ಶಾಯಿ ಮಾಸುವ ಕಾಗದದ ಬಿಲ್ಲಾದರೆ ಇವತ್ತೇ ನೆರಳಚ್ಚು ಮಾಡಿಸಿ. ಬಿಲ್ಲಿಲ್ಲದ ಹಳೆಯ ಆಭರಣಕ್ಕೆ ಸರ್ಕಾರ ಒಪ್ಪಿದ ಮೌಲ್ಯಮಾಪಕರ ಬಳಿ ಹೋಗಿ ತೂಕ, ಶುದ್ಧತೆ, ಬೆಲೆ ಬರೆಸಿ, ಫೋಟೋ ಅಂಟಿಸಿ ಸಹಿ ಮಾಡಿಸಿಕೊಳ್ಳಿ. "ಅವಲಕ್ಕಿ ಸರ ಒಂದು" ಎಂದಷ್ಟೇ ಬರೆದರೆ ಸಾಲದು. ಎಷ್ಟು ಗ್ರಾಂ, ಕೊಂಡಿಯ ಆಕಾರ ಯಾವುದು, ಪದಕದಲ್ಲಿ ಎಷ್ಟು ಹರಳು, ಎಲ್ಲಿ ಬೆಸುಗೆಯ ಗುರುತಿದೆ ಎಂಬುದೂ ಇರಲಿ. ಹೋದ ಸರವೇ ಬಂದಿದೆ ಎಂದು ಅಪರಿಚಿತರೊಬ್ಬರು ಆ ಕಾಗದ ಓದಿ ಗುರುತಿಸುವಂತಿರಬೇಕು.

ಇದನ್ನೆಲ್ಲ ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಚಾರ್ಜು ಮುಗಿದ ಫೋನು ಸಾಕ್ಷಿ ಹೇಳುವುದಿಲ್ಲ. ಒಂದು ಪ್ರತಿ ಕಾಗದದಲ್ಲಿ ಕೈಚೀಲದಲ್ಲಿರಲಿ, ಇನ್ನೊಂದು ಮನೆಯಲ್ಲಿರಲಿ.

ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ, ಅದನ್ನೂ ಹೇಳಿಬಿಡುತ್ತೇನೆ: ಬೇಕಿಲ್ಲದ ಚಿನ್ನ ಒಯ್ಯಲೇಬೇಡಿ. ಸೀಮಂತಕ್ಕೋ ಮದುವೆಗೋ ಹೋಗುವಾಗ ಬರಿಗೈಯಲ್ಲಿ ಹೋಗುವುದು ಹೇಗೆ ಎನ್ನುವ ಸಂಕಟ ನನಗೆ ಗೊತ್ತು. ಕರಿಮಣಿ, ಎರಡು ಬಳೆ, ಓಲೆ ಸಾಕು.

ವಿಮಾನ ನಿಲ್ದಾಣದಲ್ಲಿ, ಬ್ಯಾಗು ಕೊಡುವ ಮೊದಲು

ಇದೇ ಈ ಬರಹದ ಮುಖ್ಯ ಮಾತು. ಹೊರಡುವ ಟರ್ಮಿನಲ್ಲಿನಲ್ಲಿ ಕಸ್ಟಮ್ಸ್ ಕೌಂಟರ್ ಇರುತ್ತದೆ. ಬೆಂಗಳೂರಿನಲ್ಲಾಗಲಿ ಬಜ್ಪೆಯಲ್ಲಾಗಲಿ, ಎಲ್ಲಿದೆ ಎಂದು ಕೇಳಿ ಹೋಗಿ. ಅಲ್ಲಿ ವಸ್ತು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯಿರಿ. ಈ ವಸ್ತು ಈ ಪ್ರಯಾಣಿಕರ ಜೊತೆ ಭಾರತದಿಂದ ಹೊರಹೋಗಿದೆ, ವಾಪಸು ಬಂದರೆ ಅದು ಹೊಸದಾಗಿ ತಂದದ್ದಲ್ಲ ಎಂದು ಹೇಳುವ ಕಾಗದ ಅದು. ಪಾಸ್‌ಪೋರ್ಟು, ಟಿಕೆಟ್ಟು, ನೀವು ಬರೆದ ಪಟ್ಟಿ, ಬಿಲ್ಲು ಅಥವಾ ಮೌಲ್ಯಮಾಪಕರ ಚೀಟಿ ಬೇಕು. ವಸ್ತುವಂತೂ ಬೇಕೇ ಬೇಕು.

ವಸ್ತುವನ್ನು ದೊಡ್ಡ ಸೂಟ್‌ಕೇಸಿನೊಳಗೆ ಹಾಕಿ ಬೆಲ್ಟಿನ ಮೇಲೆ ಬಿಟ್ಟ ನಂತರ ಹೋಗಬೇಡಿ. ಕಣ್ಣಿಗೆ ಕಾಣದ್ದಕ್ಕೆ ಯಾರೂ ಸಹಿ ಹಾಕುವುದಿಲ್ಲ, ಹಾಕಲೂಬಾರದು. ಮೂರು ಗಂಟೆ ಮೊದಲು ಹೋಗುವ ರೂಢಿಯಿದ್ದರೆ ಅವತ್ತು ನಾಲ್ಕು ಗಂಟೆ ಮೊದಲು ಹೋಗಿ. ಕೌಂಟರಿನಲ್ಲಿ ಆ ಹೊತ್ತಿಗೆ ಯಾರೂ ಇಲ್ಲದಿದ್ದರೆ ವಿಮಾನ ಕಂಪನಿಯವರ ಮೂಲಕ ಕರೆಸಿ ಕಾಯಿರಿ. "ಹೋಗಲಿ ಬಿಡಿ" ಎಂದು ಮುಂದೆ ನಡೆಯಬೇಡಿ. "ಇದೆಲ್ಲ ಬೇಡ, ಹೋಗಿ" ಎಂದು ಬಾಯಿಮಾತಲ್ಲಿ ಯಾರಾದರೂ ಹೇಳಿದರೆ, ಬರುವಾಗ ಆ ಮಾತು ನಿಮ್ಮ ಜೊತೆ ಬರುವುದಿಲ್ಲ. ವಿನಯದಿಂದ, ಆದರೆ ಬಿಡದೆ, ಕಾಗದವನ್ನೇ ಕೇಳಿ.

ಕಾಗದ ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ. ಸೀರಿಯಲ್ ನಂಬರಿನಲ್ಲಿ ಸೊನ್ನೆಯೂ ಇಂಗ್ಲಿಷಿನ ಓ ಅಕ್ಷರವೂ ಅದಲುಬದಲಾಗುತ್ತವೆ, ಒಂದೂ ಐ ಅಕ್ಷರವೂ ಹಾಗೆಯೇ. ತೂಕದಲ್ಲಿ ಚುಕ್ಕೆ ತಪ್ಪಿ ಬಿದ್ದರೆ 12.4 ಗ್ರಾಂ 124 ಆಗುತ್ತದೆ. ಸಹಿ, ಮುದ್ರೆ, ದಿನಾಂಕ ನೋಡಿ. ಆಮೇಲೆ ಅದನ್ನು ಪಾಸ್‌ಪೋರ್ಟಿನ ಜೊತೆಗಿಡಿ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ ಇಂಥದೇ ಒಂದು ಕಾಗದವಿದೆ. ಅಲ್ಲಿನ ಕಸ್ಟಮ್ಸಿನ 4457 ನಂಬರಿನ ಫಾರಂ. ಊರಿಗೆ ಹೊರಡುವ ಮೊದಲು ಕ್ಯಾಮೆರಾ, ವಾಚು, ಆಭರಣ ತೋರಿಸಿ ಅದರ ಮೇಲೆ ಸಹಿ ಮಾಡಿಸಿಕೊಂಡರೆ, ವಾಪಸಾದಾಗ ಅದನ್ನು ಹೊರಗೆ ಕೊಂಡದ್ದೆಂದು ಲೆಕ್ಕ ಹಾಕುವುದಿಲ್ಲ. ಊರಿನಲ್ಲಿ ಉಡುಗೊರೆಯಾಗಿ ಸಿಕ್ಕ ಹೊಸ ಸರವನ್ನಂತೂ ಅಲ್ಲಿ ಹೇಳಲೇಬೇಕು. ಕೊಲ್ಲಿಯ ಕಡೆ ಇಳಿಯುವವರು ಅಲ್ಲಿನ ಲೆಕ್ಕವನ್ನೂ ತಿಳಿದಿರಬೇಕು: ಯುಎಇಯಲ್ಲಿ 60,000 ದಿರ್ಹಮ್ ಮೀರಿದ ನಗದು, ಚಿನ್ನ, ರತ್ನಗಳನ್ನು ಹೋಗುವಾಗಲೂ ಬರುವಾಗಲೂ ಘೋಷಿಸಬೇಕು.

ಯಕ್ಷಗಾನ ಮೇಳ, ವಾದ್ಯಗೋಷ್ಠಿ, ಚಿತ್ರೀಕರಣದ ತಂಡಗಳು ಒಯ್ಯುವ ಸರಂಜಾಮಿಗೆ ಈ ಒಂದು ಹಾಳೆ ಸಾಲದು. ಅಂಥವರಿಗೆ ಎಟಿಎ ಕಾರ್ನೆಟ್ ಎಂಬ ಅಂತರರಾಷ್ಟ್ರೀಯ ದಾಖಲೆಯಿದೆ; ನಮ್ಮಲ್ಲಿ ಅದನ್ನು ವಾಣಿಜ್ಯ ಕೈಗಾರಿಕಾ ಮಂಡಳಿಗಳ ಒಕ್ಕೂಟವಾದ ಎಫ್‌ಐಸಿಸಿಐ ಕೊಡುತ್ತದೆ. ಹೋಗುವ ದೇಶ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸಿ. ಚೆಂಡೆ, ಮದ್ದಳೆಗಳ ಚರ್ಮಕ್ಕೆ ಆಸ್ಟ್ರೇಲಿಯಾದಂಥ ಕಡೆ ಬೇರೆಯೇ ತಪಾಸಣೆ ಇದೆ, ಅದನ್ನೂ ಘೋಷಣಾ ಪತ್ರದಲ್ಲಿ ಬರೆಯಿರಿ.

ಒಯ್ಯಲೇಬಾರದ್ದು

ಹುಲಿಯುಗುರಿನ ಪದಕ ಒಯ್ಯಬೇಡಿ. ಅಜ್ಜನ ಕಾಲದ್ದು ಎಂಬ ಮಾತು ನಡೆಯುವುದಿಲ್ಲ. 2023ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದಲ್ಲಿ ಇದೇ ಪದಕಗಳ ಮೇಲೆ ಎದ್ದ ಪ್ರಕರಣಗಳನ್ನು ಎಲ್ಲರೂ ನೋಡಿದ್ದಾರೆ. ದಂತದ ಕೆತ್ತನೆ, ದಂತ ಕೂರಿಸಿದ ಹಳೆಯ ವೀಣೆ, ಜಿಂಕೆ ಕೊಂಬು ಕೂಡ ಹಾಗೆಯೇ. 100 ವರ್ಷ ದಾಟಿದ ಪಂಚಲೋಹದ ವಿಗ್ರಹ, 75 ವರ್ಷ ದಾಟಿದ ಓಲೆಗರಿಯ ಗ್ರಂಥ 1972ರ ಪುರಾವಸ್ತು ಕಾಯಿದೆಗೆ ಬರುತ್ತವೆ. ಮನೆದೇವರೇ ಆದರೂ ಸೂಟ್‌ಕೇಸಿನಲ್ಲಿ ಹಾಕಿ ಹೊರಡುವಂತಿಲ್ಲ. ಹಳೆಯದರಂತೆ ಕಾಣುವ ಹೊಸ ವಿಗ್ರಹವಾದರೆ, ಪುರಾವಸ್ತು ಅಲ್ಲವೆಂಬ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದ ಪಡೆದೇ ಒಯ್ಯಿರಿ.

ಒಳಗೆ ತರಬಾರದ್ದೂ ಇದೆ. ಇ-ಸಿಗರೇಟು 2019ರಿಂದ ನಿಷಿದ್ಧ. ಡ್ರೋನ್ ಆಮದಿಗೆ 2022ರಿಂದ ನಿಷೇಧವಿದೆ. ಸೋದರಳಿಯನಿಗೆಂದು ಕೊಂಡ ಆಟದ ಡ್ರೋನ್ ಕೂಡ ಕೌಂಟರಿನಲ್ಲಿ ಉಳಿದೀತು. ಉಪಗ್ರಹ ಫೋನನ್ನು ಪರವಾನಗಿ ಇಲ್ಲದೆ ತಂದರೆ ಬಂಧನವೂ ಆಗುತ್ತದೆ.

ವಾಪಸು ಬರುವಾಗ

ಇಳಿದ ಮೇಲೆ ಎರಡು ದಾರಿ. ಹೇಳಬೇಕಾದ್ದೇನೂ ಇಲ್ಲದವರಿಗೆ ಹಸಿರು, ಇರುವವರಿಗೆ ಕೆಂಪು. ಕೆಂಪು ದಾರಿ ಎಂದರೆ ಕಳ್ಳರ ಸಾಲು ಎಂದು ನಮ್ಮ ಜನರ ತಲೆಯಲ್ಲಿ ಕೂತಿದೆ. ಅದು ಪೂರ್ತಿ ಉಲ್ಟಾ. ನನ್ನಲ್ಲಿ ಇಂಥದ್ದಿದೆ, ನೋಡಿ ಎಂದು ಹೇಳುವವರ ಸಾಲು ಅದು. ಹಸಿರು ದಾರಿಗೆ ಕಾಲಿಟ್ಟರೆ "ನನ್ನಲ್ಲಿ ಏನೂ ಇಲ್ಲ" ಎಂದು ನೀವು ಆಗಲೇ ಹೇಳಿಕೆ ಕೊಟ್ಟಂತೆ. ಅನುಮಾನ ಬಂದರೆ ಕೆಂಪಿಗೇ ಹೋಗಿ.

ಎಷ್ಟಕ್ಕೆ ವಿನಾಯಿತಿ? ಈ ಮಿತಿ ಬದಲಾಗುತ್ತಲೇ ಬಂದಿದೆ. 2014ರಲ್ಲಿ 45,000 ರೂಪಾಯಿ, 2016ರ ನಿಯಮದಲ್ಲಿ 50,000, 2026ರ ಫೆಬ್ರವರಿಯಲ್ಲಿ ಜಾರಿಯಾದ ಹೊಸ ಬ್ಯಾಗೇಜ್ ನಿಯಮದಲ್ಲಿ ಇಲ್ಲಿನ ನಿವಾಸಿಗಳಿಗೆ 75,000. ಇದರ ಹೊರತಾಗಿ 18 ವರ್ಷ ತುಂಬಿದವರಿಗೆ ಒಂದು ಲ್ಯಾಪ್‌ಟಾಪಿಗೆ ಸುಂಕವಿಲ್ಲ. ವಿದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದು ಬರುವವರು ಆಭರಣವನ್ನು ಹೆಂಗಸರಾದರೆ 40 ಗ್ರಾಂ, ಗಂಡಸರಾದರೆ 20 ಗ್ರಾಂ ತರಬಹುದು. ಹಳೆಯ ನಿಯಮದಲ್ಲಿ ತೂಕದ ಜೊತೆ ಬೆಲೆಯ ಮಿತಿಯೂ ಇತ್ತು, ಚಿನ್ನದ ದರ ಏರಿದಂತೆ ಅದು ನಗೆಪಾಟಲಿನಷ್ಟು ಸಣ್ಣದಾಗಿತ್ತು. ಗಟ್ಟಿ, ಬಿಸ್ಕತ್ತು, ನಾಣ್ಯ ಆಭರಣವಲ್ಲ, ಅದಕ್ಕೆ ಈ ವಿನಾಯಿತಿ ಇಲ್ಲ. ಹೊರಡುವ ದಿನದ ಲೆಕ್ಕವನ್ನು ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿ ಸಿಬಿಐಸಿಯ ಜಾಲತಾಣದಲ್ಲಿ ನೀವೇ ನೋಡಿ. ವಾಟ್ಸ್‌ಆ್ಯಪಿನಲ್ಲಿ ಬಂದ ಪಟ್ಟಿ ನಂಬಬೇಡಿ, ಅದರಲ್ಲಿ ಯಾವ ವರ್ಷದ ನಿಯಮವಿದೆಯೋ ಯಾರಿಗೂ ತಿಳಿಯದು.

ನೇಪಾಳದಿಂದ ಸೋನೌಲಿ ಮೂಲಕ ಬಸ್ಸಿನಲ್ಲಿ ಬರುವ ಯಾತ್ರಿಕರೇ, ಈ ಸಾಮಾನ್ಯ ವಿನಾಯಿತಿ ನಿಮಗಿಲ್ಲ. ನೆಲದ ಗಡಿಯಲ್ಲಿ ಬಳಸಿದ ಸ್ವಂತ ವಸ್ತುಗಳಿಗೆ ಮಾತ್ರ ಬಿಡುಗಡೆ.

ಗಂಡ ಹೆಂಡತಿ ಇಬ್ಬರ ವಿನಾಯಿತಿ ಕೂಡಿಸಿ ಒಂದು ದುಬಾರಿ ಫೋನು ತರುತ್ತೇವೆ ಎಂಬ ಲೆಕ್ಕ ಹಾಕಬೇಡಿ. ಕೂಡಿಸಲು ಬರುವುದಿಲ್ಲ, ಒಬ್ಬರದ್ದು ಒಬ್ಬರಿಗೇ. ಆದರೆ ಸುಂಕ ಬೀಳುವುದು ಮಿತಿ ಮೀರಿದ ಭಾಗಕ್ಕೆ ಮಾತ್ರ, ಪೂರ್ತಿ ಬೆಲೆಗಲ್ಲ. ಅದಕ್ಕೇ ಹೇಳಿ ಕಟ್ಟುವುದು ಅಗ್ಗ. ಡಬ್ಬಿ ಬಿಸಾಡಿ, ಪ್ಲಾಸ್ಟಿಕ್ಕು ಕಿತ್ತು, ಹೊಸ ಫೋನಿಗೆ ಹಳೆಯ ಕವರು ಹಾಕುವ ಉಪಾಯ ಮಾಡಬೇಡಿ. ನಾಲ್ಕು ಫೋನು ಇಟ್ಟುಕೊಂಡು ನಾಲ್ಕೂ ಸ್ವಂತದ್ದು ಎಂದರೆ ಯಾರು ನಂಬುತ್ತಾರೆ? ಬಿಲ್ಲು ತೋರಿಸಿ, ಬೆಲೆ ಹೇಳಿ, ಸುಂಕ ಕಟ್ಟಿ, ರಸೀದಿ ಪಡೆಯಿರಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಯಾರ ಕೈಗೂ ಕೊಡಬೇಡಿ.

ನಗದು: ವಿದೇಶಿ ನೋಟುಗಳು 5,000 ಡಾಲರ್ ಮೌಲ್ಯ ಮೀರಿದರೆ, ಟ್ರಾವೆಲರ್ಸ್ ಚೆಕ್ಕೂ ಸೇರಿ 10,000 ಡಾಲರ್ ಮೀರಿದರೆ, ಕರೆನ್ಸಿ ಘೋಷಣೆಯ ಫಾರಂ ತುಂಬಬೇಕು. ನಮ್ಮ ರೂಪಾಯಿಯನ್ನು 25,000ದವರೆಗೆ ತರಬಹುದು.

ಆಭರಣದ ವಿಷಯದಲ್ಲಿ ಒಂದು ತೊಡಕಿತ್ತು. 2016ರ ನಿಯಮ "ವೈಯಕ್ತಿಕ ವಸ್ತು" ಎಂಬುದನ್ನು ವಿವರಿಸುವಾಗ ಆಭರಣವನ್ನು ಅದರಿಂದ ಹೊರಗಿಟ್ಟಿತು. ಮೈಮೇಲಿನ ಹಳೆಯ ಬಳೆಗೂ ಪ್ರಶ್ನೆ ಬಂದದ್ದು ಅದರಿಂದಲೇ. ತೊಟ್ಟು ಬಳಸಿದ ಸ್ವಂತ ಆಭರಣವನ್ನು ವ್ಯಾಪಾರದ ಚಿನ್ನದಂತೆ ಕಾಣಬಾರದು ಎಂದು ದೆಹಲಿ ಹೈಕೋರ್ಟು ಹಲವು ಪ್ರಕರಣಗಳಲ್ಲಿ ಹೇಳಿದೆ. ನ್ಯಾಯ ಸಿಗುತ್ತದೆ ನಿಜ, ಆದರೆ ದೆಹಲಿಯವರೆಗೆ ಹೋಗಿ ನಾಲ್ಕು ಬಳೆ ಬಿಡಿಸಿಕೊಳ್ಳುವ ಚೈತನ್ಯ ನಮ್ಮಲ್ಲಿ ಎಷ್ಟು ಮನೆಗಳಿಗಿದೆ? ಅಧಿಕಾರಿಗಳಲ್ಲೂ ಒಂದು ಕೇಳಿಕೆ: ವಯಸ್ಸಾದ ಹೆಂಗಸಿನ ಸವೆದ ಬಳೆಗೂ ಹೊಸದಾಗಿ ಎರಕ ಹೊಯ್ದ ಬಳೆಗೂ ಇರುವ ವ್ಯತ್ಯಾಸ ನಿಮ್ಮ ಕಣ್ಣಿಗೆ ಕಾಣುತ್ತದೆ. ದಯವಿಟ್ಟು ಅದನ್ನು ಕಂಡಂತೆಯೇ ಬರೆಯಿರಿ.

ಬೇರೆಯವರ ಪೊಟ್ಟಣ

ಬಿಚ್ಚಿ ನೋಡದೆ ಮುಟ್ಟಬೇಡಿ. ಇದಕ್ಕೆ ಎರಡನೇ ಮಾತಿಲ್ಲ.

ರೂಮಿನವನು ವಿಮಾನ ನಿಲ್ದಾಣದವರೆಗೆ ಕಾರಿನಲ್ಲಿ ಬಿಡುತ್ತಾನೆ. ಇಳಿಯುವಾಗ ಒಂದು ಸಣ್ಣ ಪೊಟ್ಟಣ ಕೊಡುತ್ತಾನೆ. ತಂಗಿಗೆ ಒಂದು ಜೊತೆ ಓಲೆ, ಅಮ್ಮನಿಗೆ ಮಾತ್ರೆ, ಹೊರಗೆ ಒಬ್ಬರು ಬಂದು ತೆಗೆದುಕೊಳ್ಳುತ್ತಾರೆ, ನೀನು ಏನೂ ಮಾಡಬೇಕಿಲ್ಲ. ಟಿಕೆಟ್ಟಿನ ಖರ್ಚು ನಾನೇ ಕೊಡುತ್ತೇನೆ ಎನ್ನುವುದೂ ಉಂಟು. ಕೊಲ್ಲಿಯಲ್ಲಿ ಎರಡು ವರ್ಷ ಬೆವರು ಸುರಿಸಿ ದುಡಿದ ಹುಡುಗ, ಅನ್ನ ಹಂಚಿಕೊಂಡು ತಿಂದವನ ಮಾತು ತೆಗೆದುಹಾಕಲಾರದೆ ಒಪ್ಪಿಕೊಳ್ಳುತ್ತಾನೆ. ಪೊಟ್ಟಣ ಬಿಚ್ಚಿದಾಗ ಒಳಗೆ ಚಿನ್ನದ ಪೇಸ್ಟೋ ಮಾದಕ ಪದಾರ್ಥವೋ ಸಿಕ್ಕರೆ, ಕೊಟ್ಟವನ ಫೋನು ಸ್ವಿಚ್ ಆಫ್ ಆಗಿರುತ್ತದೆ. ಚಿನ್ನ ಕಳ್ಳಸಾಗಣೆಯದ್ದಲ್ಲ ಎಂದು ತೋರಿಸುವ ಹೊಣೆ ಕಸ್ಟಮ್ಸ್ ಕಾಯಿದೆಯ 123ನೇ ಕಲಮಿನ ಪ್ರಕಾರ ಅದು ಯಾರ ಬಳಿ ಸಿಕ್ಕಿತೋ ಅವರ ಮೇಲೆ. ಮಾದಕ ವಸ್ತುವಾದರೆ ಕೊಲ್ಲಿಯ ನ್ಯಾಯಾಲಯಗಳು ಇನ್ನೂ ಕಠಿಣ. ಹೋಗುವಾಗ ಉಪ್ಪಿನಕಾಯಿ ಡಬ್ಬ, ಹಪ್ಪಳದ ಕಟ್ಟು ಎಂದು ಕೊಡುವವರಿಗೂ ಇದೇ ಉತ್ತರ ಕೊಡಿ. ಒಯ್ಯಲೇಬೇಕಾದ ಸಂಬಂಧವಾದರೆ ಎದುರಿಗೆ ಪೂರ್ತಿ ಬಿಚ್ಚಿಸಿ, ನೋಡಿ, ನಿಮ್ಮ ಕೈಯಾರೆ ಕಟ್ಟಿ. ಬಿಚ್ಚಲು ಹಿಂಜರಿದರೆ ಅಲ್ಲಿಗೇ ಬಿಡಿ. ಸ್ನೇಹ ಕೆಟ್ಟರೆ ಕೆಡಲಿ.

ವಸ್ತು ತಡೆದರೆ

ಕೂಗಾಡಬೇಡಿ, ಲಂಚದ ಮಾತೆತ್ತಬೇಡಿ. ತಡೆಹಿಡಿದದ್ದಕ್ಕೆ ರಸೀದಿ ಕೇಳಿ. ಅದರಲ್ಲಿ ವಸ್ತುವಿನ ವಿವರ, ತೂಕ, ನಂಬರು ಸರಿಯಾಗಿದೆಯೇ ನೋಡಿ. ಬಳೆ ತೆಗೆದುಕೊಟ್ಟರೆ ನಿಮ್ಮೆದುರಿಗೇ ತೂಗಿಸಿ, ನಿಮ್ಮೆದುರಿಗೇ ಮೊಹರು ಮಾಡಿಸಿ. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು; ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಿರಿ ಎಂದು ಕೇಳುವ ಹಕ್ಕು ಕಸ್ಟಮ್ಸ್ ಕಾಯಿದೆಯ 102ನೇ ಕಲಮಿನಲ್ಲಿದೆ.

ಓದದೆ ಸಹಿ ಹಾಕಬೇಡಿ. ನಿದ್ದೆಗೆಟ್ಟು ಇಳಿದವರ ಮುಂದೆ ಅಚ್ಚುಹಾಕಿದ ಫಾರಂ ಬರುತ್ತದೆ, "ನನಗೆ ನೋಟಿಸು ಬೇಡ, ವಿಚಾರಣೆ ಬೇಡ" ಎಂಬ ಸಾಲು ಅದರೊಳಗೆ ಇರಬಹುದು. ಹೀಗೆ ಅಚ್ಚು ಫಾರಮಿನಲ್ಲಿ ನೋಟಿಸಿನ ಹಕ್ಕು ಬಿಡಿಸಿಕೊಳ್ಳುವುದು ಕಾನೂನಿಗೆ ಒಪ್ಪುವುದಿಲ್ಲ ಎಂದು ದೆಹಲಿ ಹೈಕೋರ್ಟು ಹೇಳಿದೆ. ಭಾಷೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದೇ ಹೇಳಿ, ಕನ್ನಡದಲ್ಲಿ ಓದಿಸಿಕೊಳ್ಳಿ. ಜಪ್ತಿ ಮಾಡಿದ ಮೇಲೆ ಆರು ತಿಂಗಳೊಳಗೆ ನೋಟಿಸು ಕೊಡಬೇಕು, ಅದನ್ನು ಇನ್ನಾರು ತಿಂಗಳು ಮುಂದುವರಿಸಲು ಅವಕಾಶವಿದೆ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಮೇಲ್ಮನವಿ ಹಾಕಿ. ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ನಾಲ್ಕು ದಿನದ ಮದುವೆಗೆ ವಿದೇಶದಿಂದ ಬಂದು ವಾಪಸು ಹೋಗುವವರಿಗೆ ಅದೇ ಕಾಯಿದೆಯ 80ನೇ ಕಲಮು ಬಹಳ ಉಪಕಾರಿ. ಸುಂಕ ಕಟ್ಟಲು ಇಷ್ಟವಿಲ್ಲದ ವಸ್ತುವನ್ನು ಕಸ್ಟಮ್ಸಿನಲ್ಲೇ ಇಟ್ಟು, ಹೋಗುವಾಗ ಪಡೆಯಬಹುದು. ಆದರೆ ಅದಕ್ಕೊಂದು ಷರತ್ತು: ನೀವು ನಿಜ ಘೋಷಣೆ ಮಾಡಿರಬೇಕು. ಹಸಿರು ದಾರಿಯಲ್ಲಿ ಸಿಕ್ಕಿಬಿದ್ದ ಮೇಲೆ ಈ ಬಾಗಿಲು ಮುಚ್ಚಿರುತ್ತದೆ.

ಮನೆಯಲ್ಲಿ ಕೂತವರಿಗೂ ಒಂದು ಮಾತು. "ನಿಮ್ಮ ಮಗನ ಪಾರ್ಸೆಲು ಕಸ್ಟಮ್ಸಿನಲ್ಲಿದೆ, ಈ ಖಾತೆಗೆ ಹಣ ಹಾಕಿ" ಎಂದು ಫೋನು ಬಂದರೆ ಕಟ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ಕಸ್ಟಮ್ಸ್ ಯಾರ ಖಾಸಗಿ ಖಾತೆಗೂ ಸುಂಕ ಕಟ್ಟಿಸಿಕೊಳ್ಳುವುದಿಲ್ಲ.

ಅತ್ತೆ ಕಳೆದ ವರ್ಷ ಎರಡನೇ ಮೊಮ್ಮಗುವನ್ನು ನೋಡಲು ಮತ್ತೆ ಹೋದರು. ಈ ಸಲ ಎರಡೇ ಬಳೆ, ಮೌಲ್ಯಮಾಪಕರ ಚೀಟಿ, ಸಹಿಯಾದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್. ಬರುವಾಗ ಕೆಂಪು ದಾರಿಯಲ್ಲಿ ಹೋಗಿ ತಾವೇ ಕೈ ಚಾಚಿ ತೋರಿಸಿದರು. ಅಧಿಕಾರಿ ಕಾಗದ ನೋಡಿ, ಬಳೆ ನೋಡಿ, ಹೋಗಿ ಬನ್ನಿ ಎಂದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ನಿಮ್ಮ ಮನೆಯಿಂದ ಈ ತಿಂಗಳು ಯಾರಾದರೂ ಹೊರಡುವವರಿದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಅವರನ್ನು ಕೂರಿಸಿಕೊಳ್ಳಿ. ಲ್ಯಾಪ್‌ಟಾಪು ತಿರುವಿ ನಂಬರು ಬರೆದುಕೊಳ್ಳಿ, ನಾಳೆ ಬೆಳಿಗ್ಗೆ ಬಳೆ ತೂಗಿಸಿ.